ನಾನು ಕನ್ನಡಿಸಿದ ಒಪ್ಪಿಗೆ ಪತ್ರ

ನನ್ನ ಕೆಲಸ ಏನೆಂದು ಕೇಳಿದವರಿಗೆ ಇವತ್ತಿಗೂ ಒಂದೇ ಉಸಿರಿನಲ್ಲಿ ಹೇಳಲಾರೆ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಕೂತು, ಆಸ್ಪತ್ರೆಗಳಲ್ಲಿ ನಡೆಯುವ ಸಂಶೋಧನೆಗಳ ಒಪ್ಪಿಗೆ ಪತ್ರಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತೇನೆ. ರೋಗಿಗೋ ಮನೆಯವರಿಗೋ ಓದಲು ಕೊಟ್ಟು, ಕೊನೇ ಪುಟದಲ್ಲಿ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳುತ್ತಾರಲ್ಲ, ಆ ಪತ್ರ. ನನ್ನ ಅಣ್ಣನ ಹೆಂಡತಿ, ಅಂದರೆ ನಮ್ಮತ್ತಿಗೆ, ನೆಂಟರ ಮುಂದೆಲ್ಲ "ನಮ್ಮ ನಾದಿನಿ ಡಾಕ್ಟರ್‌ಗಳಿಗೆ ಕನ್ನಡ ಹೇಳ್ಕೊಡ್ತಾಳೆ" ಎಂದೇ ಹೇಳಿಕೊಂಡು ಬಂದಿದ್ದಾಳೆ. ತಿದ್ದಿ ತಿದ್ದಿ ಸಾಕಾಗಿ ನಾನೂ ಸುಮ್ಮನಾಗಿದ್ದೇನೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದರಲ್ಲೂ ಕೆಟ್ಟ ಕನ್ನಡ ಕಂಡರೆ ಮುಗಿಯಿತು. ಪಕ್ಕದ ಮೇಜಿನ ಹುಡುಗಿ 'ಪ್ರತಿರಕ್ಷಣಾ ಕೋಶಗಳ ಸಕ್ರಿಯಗೊಳ್ಳುವಿಕೆಯ ಮೌಲ್ಯಮಾಪನ' ಎಂದು ಬರೆದುಕೊಂಡು ಬಂದರೆ, "ತಾಯೀ, ಇದನ್ನ ನಿಮ್ಮಜ್ಜಿಗೆ ಓದಿ ಹೇಳು. ಅವರು ತಲೆ ಆಡಿಸಿದ್ರೆ ನಾನು ಈ ಕೆಲಸಾನೇ ಬಿಟ್ಬಿಡ್ತೀನಿ" ಎಂದು ರೇಗುತ್ತಿದ್ದೆ. ಐಸಿಯು ಬಾಗಿಲಲ್ಲಿ ಚಪ್ಪಲಿ ಕಳಚಿ ನಿಂತ ಹೆಂಗಸಿಗೆ ಅರ್ಥವಾಗಬೇಕು, ಅಷ್ಟೇ ನನ್ನ ಅಳತೆ. ಅಂಥ ಹೆಂಗಸನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಮನಸ್ಸಿನಲ್ಲೇ ಅವಳಿಗೊಂದು ಮುಖ ಕೊಟ್ಟು, ಅವಳ ಜೊತೆ ಮಾತಾಡುತ್ತಿದ್ದೇನೆ ಅಂದುಕೊಂಡು ಬರೆಯುತ್ತಿದ್ದೆ.

ಹಾಗೆ ಬರೆದ ಪತ್ರಗಳಲ್ಲಿ ಒಂದು, ತಲೆಗೆ ಪೆಟ್ಟು ಬಿದ್ದವರದ್ದು. ವಿಷಯ ಸುಲಭದ್ದಲ್ಲ. ಮಿದುಳಿಗೆ ಪೆಟ್ಟಾದ ಕೂಡಲೇ ದೇಹದ ರಕ್ಷಣಾ ಕಣಗಳು ಆ ಜಾಗಕ್ಕೆ ನುಗ್ಗುತ್ತವೆ. ಕೆಲವು ಮೊದಲಿನಿಂದ ಮಿದುಳಿನಲ್ಲೇ ಇದ್ದವು, ಕೆಲವು ರಕ್ತದಲ್ಲಿ ಹರಿದು ಬಂದವು. ಸತ್ತ ಜೀವಕೋಶಗಳ ಚೂರುಪಾರನ್ನೆಲ್ಲ ನುಂಗಿ ಜಾಗ ಚೊಕ್ಕಟ ಮಾಡುತ್ತವೆ. ಚೊಕ್ಕಟವಾಗದ ಹೊರತು ತುಂಡಾದ ನರದ ತುದಿಗೆ ಮುಂದಕ್ಕೆ ದಾರಿ ಇಲ್ಲ. ನರ ಬೆಳೆಯಲು ಬೇಕಾದ ರಸಗಳನ್ನೂ ಕೆಲವು ಕಣಗಳು ಒಸರುತ್ತವಂತೆ. ಆದರೆ ಇದೇ ಕಣಗಳು ಬೇಕಾದ್ದಕ್ಕಿಂತ ಹೆಚ್ಚು ದಿನ ಬೀಡುಬಿಟ್ಟರೆ ಊತ ಇಳಿಯುವುದಿಲ್ಲ, ಪಕ್ಕದ ಒಳ್ಳೆಯ ನರಗಳೂ ಹಾಳಾಗುತ್ತವೆ. ಯಾವ ಕಣ ಯಾವಾಗ ಕಾಪಾಡುತ್ತದೆ, ಯಾವಾಗ ಕೆಡಿಸುತ್ತದೆ ಎಂಬುದು ಇನ್ನೂ ಪೂರ್ತಿ ಗೊತ್ತಿಲ್ಲ. ಅದನ್ನು ತಿಳಿಯಲು ಪೆಟ್ಟು ತಿಂದವರ ರಕ್ತ ಬೇಕು. ಮೊದಲ ವಾರ ಒಮ್ಮೆ, ಆರನೇ ವಾರ ಒಮ್ಮೆ, ಮೂರು ತಿಂಗಳಿಗೆ ಒಮ್ಮೆ. ಔಷಧಿ ಇಲ್ಲ, ಚಿಕಿತ್ಸೆ ಇಲ್ಲ. ರಕ್ತ ತೆಗೆದುಕೊಂಡು ಹೋಗಿ ನೋಡುವುದು, ಅಷ್ಟೇ.

ಆ ಪತ್ರದ ಎರಡು ವಾಕ್ಯಗಳ ಮೇಲೆ ನನಗೆ ಬಹಳ ಹೆಮ್ಮೆಯಿತ್ತು. ಮೊದಲನೆಯದು, 'ರಕ್ಷಣಾ ಕಣಗಳ ನೆರವಿನಿಂದ ನರಗಳು ಮತ್ತೆ ಬೆಳೆಯಬಹುದು.' ಎರಡನೆಯದು, 'ನಿಮ್ಮ ರಕ್ತದಿಂದ ಈ ಕಣಗಳನ್ನು ಬೇರ್ಪಡಿಸಿ ಪ್ರಯೋಗಾಲಯದಲ್ಲಿ ಬೆಳೆಸಲಾಗುತ್ತದೆ.' ಎರಡನೆಯದಕ್ಕೆ ಹುಡುಗಿ 'ಸಂವರ್ಧಿಸಲಾಗುತ್ತದೆ' ಎಂದು ಬರೆದಿದ್ದಳು. "ಇದೇನು ಪಶುಸಂಗೋಪನೆ ಇಲಾಖೆನಾ?" ಎಂದು ಗೇಲಿ ಮಾಡಿ ನಾನೇ ಹೊಡೆದುಹಾಕಿ 'ಬೆಳೆಸಲಾಗುತ್ತದೆ' ಎಂದು ಬರೆದೆ. ನಮ್ಮಲ್ಲಿ ಕನ್ನಡಕ್ಕೆ ಹೋದದ್ದನ್ನು ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಮೂಲದ ಪಕ್ಕ ಇಟ್ಟು ತಾಳೆ ನೋಡುತ್ತಾರೆ. ಒಂದು ಅಕ್ಷರವೂ ಆಚೀಚೆ ಆಗಿರಲಿಲ್ಲ. ಒಪ್ಪಿಗೆ ಕೊಡುವ ಸಮಿತಿಯವರು 'ಓದಿಸಿಕೊಂಡು ಹೋಗುವ ಕನ್ನಡ' ಎಂದು ಷರಾ ಬರೆದು ಕಳಿಸಿದ್ದರು. ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಇನ್ನು ಅಣ್ಣ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅವನಿಗೆ ತಪಾಸಣೆಯ ಕೆಲಸ. ಲೇತ್ ಯಂತ್ರದಿಂದ ಇಳಿದ ಬಿಡಿಭಾಗಗಳಿಗೆ ಅಳತೆಯ ಗೇಜು ಹಾಕಿ, ಇದು ಪಾಸು, ಇದು ಫೇಲು ಎಂದು ಬೇರೆ ಮಾಡುವುದು. ನಾಗಸಂದ್ರದಲ್ಲಿ ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಮನೆ ಕಟ್ಟಿಕೊಂಡಿದ್ದ. ಬಾಯಿ ಅಂದರೆ ಬಾಯಿ. ಮೆಟ್ರೊ ಸ್ಟೇಷನ್ನಿನಿಂದ ಮನೆಗೆ ಹತ್ತು ನಿಮಿಷದ ದಾರಿ, ಅವನಿಗೆ ಮುಕ್ಕಾಲು ಗಂಟೆ ಬೇಕು. ಎಳನೀರಿನವನು, ಇಸ್ತ್ರಿಯವನು, ಪಂಕ್ಚರ್ ಹಾಕುವವನು, ಎಲ್ಲರ ಜೊತೆ ಪಂಚಾಯ್ತಿ ಮುಗಿಸಿಯೇ ಬರಬೇಕು. ನನಗೆ ಫೋನು ಮಾಡಿದರೆ ಮೊದಲ ಮಾತೇ "ಏನಮ್ಮಾ ಪಂಡಿತೆ, ಇವತ್ತು ಯಾವ ಕಾಯಿಲೆಗೆ ಕನ್ನಡ ಕಲಿಸ್ದೆ?" ಅನ್ನುವುದು. ಕೆಲಸದ ನಡುವೆ ಫೋನು ಮಾಡಬೇಡವೋ ಎಂದು ಎಷ್ಟು ಸಲ ಬೈದಿದ್ದೇನೋ. ಈಗ ಬೈದುಕೊಳ್ಳುವುದು ನನ್ನನ್ನೇ.

ಒಂದು ಭಾನುವಾರ ಬೆಳಿಗ್ಗೆ ತಾರಸಿಯ ಮೇಲಿನ ನೀರಿನ ಟ್ಯಾಂಕು ತೊಳೆಯಲು ಹತ್ತಿದ್ದ. ಇಳಿಯುವಾಗ ಕಬ್ಬಿಣದ ಏಣಿಯಲ್ಲಿ ಒದ್ದೆ ಕಾಲು ಜಾರಿತು. ತಲೆಯ ಎಡಭಾಗ ಪ್ಯಾರಾಪೆಟ್ಟಿನ ಮೂಲೆಗೆ ಬಡಿಯಿತು. ಅದೇ ದಿನ ತಲೆಬುರುಡೆ ತೆರೆದು ಆಪರೇಷನ್ ಮಾಡಿದರು. ಎಡಭಾಗದಲ್ಲೇ ಮಾತಿನ ಜಾಗ ಇರುವುದು, ಬಲಗೈ ಬಲಗಾಲು ನಡೆಸುವ ಜಾಗವೂ ಅಲ್ಲೇ, ಕಾದು ನೋಡಬೇಕು ಎಂದು ಡಾಕ್ಟರು ಹೇಳಿದರು. ಕಾದು ನೋಡಬೇಕು ಎಂಬ ಮಾತನ್ನು ನಾನು ಎಷ್ಟು ಪತ್ರಗಳಲ್ಲಿ ಬರೆದಿದ್ದೆನೋ ಲೆಕ್ಕವಿಲ್ಲ. ಕೇಳಿಸಿಕೊಂಡದ್ದು ಅವತ್ತೇ ಮೊದಲು.

ಮೂರನೆಯ ದಿನ ನಾನು ಚೀಟಿ ಹಿಡಿದು ಕೆಳಗಿನ ಔಷಧಿ ಅಂಗಡಿಗೆ ಹೋಗಿ ಮೇಲೆ ಬರುವಷ್ಟರಲ್ಲಿ ಅತ್ತಿಗೆ ಐಸಿಯು ಹೊರಗಿನ ಸ್ಟೀಲ್ ಬೆಂಚಿನ ಮೇಲೆ ಕಾಗದ ಹಿಡಿದು ಕೂತಿದ್ದಳು. ಎರಡು ದಿನದಿಂದ ಹನಿ ನೀರೂ ಸರಿಯಾಗಿ ಕುಡಿಯದವಳ ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು.

"ಸೈನ್ ಹಾಕ್ದೆ ಕಣೇ. ನಿಮ್ಮಣ್ಣನ ನರ ಬೆಳೆಸ್ತಾರಂತೆ."

"ಯಾರಂದ್ರು?"

"ಅನ್ನೋದೇನು, ಇಲ್ಲೇ ಬರ್ದೈತಲ್ಲ. ನಾನೇ ಓದ್ದೆ. ಎಷ್ಟ್ ಚೆನ್ನಾಗ್ ಬರ್ದವ್ರೆ ಅಂತೀಯ! ಒಂದ್ ಪದಕ್ಕೂ ತಡೆಯಂಗಿಲ್ಲ."

ಕಾಗದ ಈಸಿಕೊಂಡೆ. ಮೊದಲ ಸಾಲು ಓದುತ್ತಲೇ ಗೊತ್ತಾಯಿತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ನನಗೆ ಮೊದಲು ಆದದ್ದು ಸಂತೋಷ. ನನ್ನ ಕನ್ನಡವನ್ನು ನನ್ನೆದುರಿಗೇ ಒಬ್ಬರು ಹೊಗಳುತ್ತಿದ್ದಾರಲ್ಲ ಎಂಬ ಸಂತೋಷ. ಗಾಜಿನಾಚೆ ಅಣ್ಣ ಬಾಯಲ್ಲಿ ಕೊಳವೆ ಇಟ್ಟುಕೊಂಡು ಮಲಗಿದ್ದಾನೆ, ನನಗಿಲ್ಲಿ ಹಿಗ್ಗು. ಆಮೇಲೆ ಅವಳ ಪಕ್ಕ ಕೂತೆ. ನಾನು ಬರೆದದ್ದು ಎಂದು ಹೇಳಲಿಲ್ಲ.

"ಬೆಳೀಬೋದು ಅಂತಿದೆ ಅತ್ತಿಗೆ," ಅಂದೆ. "ಬೆಳೀತದೆ ಅಂತಲ್ಲ. ಬೋದು ಅಂತಿದೆ."

"ಬೋದು ಅಂದ್ರೇನು ಮತ್ತೆ? ನಿನ್ನ ನೋಡಕ್ಕೆ ಬಂದೋರು 'ಆಗಬೋದು' ಅಂದ್ರು. ಮದ್ವೆ ಆಗ್ಲಿಲ್ವಾ?"

ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಮಳೆ ಬರಬಹುದು ಎಂದರೆ ಬಂದರೂ ಬಂತು, ಬಿಟ್ಟರೂ ಬಿಟ್ಟಿತು. ಒಳಗೆ ಬರಬಹುದು ಎಂದರೆ ಬಾ ಎಂದೇ ಅರ್ಥ. ಸಂಬಂಧ ಆಗಬಹುದು ಎಂದರೆ ಮರುದಿನ ತಾಂಬೂಲ. ಒಂದೇ ಬಹುದು. ಮೇಜಿನ ಮುಂದೆ ಕೂತಿದ್ದ ನನಗೆ ಮಳೆಯ ಬಹುದು ಮಾತ್ರ ಕಂಡಿತ್ತು, ಐಸಿಯು ಬಾಗಿಲಲ್ಲಿ ಕೂತವಳಿಗೆ ತಾಂಬೂಲದ ಬಹುದು ಕಂಡಿತು. ಮತ್ತೆ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡಿದವರೂ ನನ್ನ ಹಾಗೆ ಮೇಜಿನ ಮುಂದೆ ಕೂತವರೇ.

"ಇಲ್ನೋಡು, ನಿಮಗೆ ನೇರ ಪ್ರಯೋಜನ ಇರುವುದಿಲ್ಲ ಅಂತಾನೂ ಇದೆ," ಎಂದು ಬೆರಳಿಟ್ಟು ತೋರಿಸಿದೆ.

"ನೇರ ಇಲ್ಲ. ಸುತ್ತಾಕ್ಕೊಂಡು ಬರ್ತದೆ. ಬರ್ಲಿ ಬಿಡು, ನಮಗೇನ್ ಅರ್ಜೆಂಟು," ಅಂದಳು ಅತ್ತಿಗೆ. ಆಮೇಲೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ, ಬ್ಯಾಗಿನಲ್ಲಿ ದೇವರ ಕುಂಕುಮದ ಪೊಟ್ಟಣದ ಜೊತೆ ಇಟ್ಟುಕೊಂಡಳು.

ತಿಂಗಳ ಮೇಲೆ ಅಣ್ಣ ಮನೆಗೆ ಬಂದ. ಜೀವ ಉಳಿದಿತ್ತು, ಅದಕ್ಕೆ ಕೈಮುಗಿದೆವು. ಬಲಗೈ ಮಡಿಲಲ್ಲಿ ಬಿದ್ದಿರುತ್ತಿತ್ತು. ಇಬ್ಬರು ಹಿಡಿದರೆ ನಾಲ್ಕು ಹೆಜ್ಜೆ. ಮಾತು ಇಲ್ಲ. ಹೇಳಿದ್ದು ತಿಳಿಯುತ್ತಿತ್ತು, ಲೋಟ ಎತ್ತು ಎಂದರೆ ಎಡಗೈಯಲ್ಲಿ ಎತ್ತುತ್ತಿದ್ದ, ನನ್ನ ಕಂಡರೆ ಕಣ್ಣರಳಿಸುತ್ತಿದ್ದ. ಬಾಯಿ ತೆರೆದು, ತುಟಿ ಕೂಡಿಸಿ, ಕತ್ತಿನ ನರ ಉಬ್ಬುವಷ್ಟು ತಿಣುಕುತ್ತಿದ್ದ. ಬರೀ ಗಾಳಿ ಬರುತ್ತಿತ್ತು. ಎಷ್ಟು ಮಾತಾಡುತ್ತಿದ್ದ ಮನುಷ್ಯ! ಹಾಗೆ ಅವನು ತಿಣುಕುವಾಗ ನಾನು ಬೇಕೆಂದೇ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ, ನೋಡಲಾಗುತ್ತಿರಲಿಲ್ಲ. ಅತ್ತಿಗೆ ಮಾತ್ರ ಎದುರಿಗೇ ಕೂತು, "ಹೇಳಿ, ಹೇಳಿ, ನಿಧಾನ, ನಾನೆಲ್ಲೂ ಹೋಗಲ್ಲ" ಎನ್ನುತ್ತಿದ್ದಳು.

ಆರನೇ ವಾರ ಹತ್ತಿರ ಬಂದಂತೆ ಅವಳು ಅವನಿಗೆ ತಿನ್ನಿಸತೊಡಗಿದಳು. ಬೀಟ್‌ರೂಟು, ಖರ್ಜೂರ, ದಾಳಿಂಬೆ, ನುಗ್ಗೆಸೊಪ್ಪಿನ ಸಾರು. ಬೆಳಗಾದರೆ ಅಮೃತಬಳ್ಳಿಯ ಕಷಾಯ. ಅಣ್ಣ ಮುಖ ಕಿವಿಚುತ್ತಿದ್ದ. "ಒಳ್ಳೆ ರಕ್ತ ಕೊಟ್ರೆ ತಾನೇ ಅವ್ರು ಒಳ್ಳೆ ಕಣ ಬೆಳೆಸಕ್ಕಾಗೋದು" ಎಂದು ಗದರಿಸಿ ಕುಡಿಸುತ್ತಿದ್ದಳು. ಕೊರೋನಾ ಕಾಲದಿಂದ ಎಲ್ಲರ ಮನೆಯಲ್ಲೂ ಈ ಕಷಾಯದ ಗೀಳು ಇದ್ದೇ ಇದೆ, ಇದೂ ಅದೇ ಇರಬೇಕು ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಸಂಶೋಧನೆಯ ಓಡಾಟ ನೋಡಿಕೊಳ್ಳುವ ಮೇಡಂ ಒಬ್ಬರು ಐಸ್ ತುಂಬಿದ ನೀಲಿ ಡಬ್ಬಿ ಹಿಡಿದು ಮನೆಗೇ ಬಂದರು. ಅಣ್ಣನ ಎಡಗೈಯಿಂದ ರಕ್ತ ತೆಗೆದರು. ಸಣ್ಣ ಸಣ್ಣ ನಳಿಕೆಗಳನ್ನು ಡಬ್ಬಿಯೊಳಗೆ ಜೋಡಿಸುವಾಗ ಅತ್ತಿಗೆ ಬಗ್ಗಿ ನೋಡಿ ಕೇಳಿದಳು.

"ಮೇಡಂ, ಓದ್ಸಲ ತಗೊಂಡೋಗಿದ್ದು ಎಷ್ಟಾಗೈತೆ?"

"ಏನಮ್ಮ?"

"ಅದೇ, ಕಣ. ಬೆಳೆಸ್ತೀವಿ ಅಂತ ಬರ್ದಿದ್ರಲ್ಲ. ಬೆಳ್ದಿರೋದನ್ನ ಇವರಿಗೆ ಆಕೋದು ಯಾವಾಗ? ಇವತ್ತೇ ತರ್ತೀರೇನೋ ಅಂತ ನಾನು ಬೆಳಿಗ್ಗೆಯಿಂದ ತಿನ್ನಕ್ಕೇನೂ ಕೊಟ್ಟಿಲ್ಲ ಇವರಿಗೆ."

ಅವಳು ಒಂದು ತಿಂಗಳಿಂದ ಕಾಯುತ್ತಿದ್ದದ್ದು ಅದಕ್ಕೆ. ಎಲ್ಲೋ ಒಂದು ಕಡೆ ನನ್ನ ಅಣ್ಣನ ಕಣಗಳನ್ನು ಪೈರಿನಂತೆ ಬೆಳೆಸುತ್ತಿದ್ದಾರೆ, ಬೆಳೆದ ಮೇಲೆ ತಂದು ಅವನ ಮೈಗೆ ಹಾಕುತ್ತಾರೆ, ಆಗ ನರ ಬೆಳೆಯುತ್ತದೆ, ಮಾತು ಬರುತ್ತದೆ. ನರಗಳು ಬೆಳೆಯಬಹುದು, ಕಣಗಳನ್ನು ಬೆಳೆಸಲಾಗುತ್ತದೆ. ಎರಡು ಕಡೆಯೂ ಬೆಳೆ ಎಂದು ಬರೆದವಳು ನಾನೇ. ಹುಡುಗಿಯ 'ಸಂವರ್ಧನೆ'ಯನ್ನೇ ಬಿಟ್ಟಿದ್ದರೆ ಅತ್ತಿಗೆಗೆ ಅರ್ಥವೇ ಆಗುತ್ತಿರಲಿಲ್ಲ, ಯಾರನ್ನಾದರೂ ಕೇಳುತ್ತಿದ್ದಳು, ಅವರು ಸರಿಯಾಗಿ ಹೇಳುತ್ತಿದ್ದರು.

ಮೇಡಂ ಕೈಚೀಲ ಪಕ್ಕಕ್ಕಿಟ್ಟು, "ಅಯ್ಯೋ, ಅದು ಹಂಗಲ್ಲಮ್ಮ," ಎಂದು ಶುರು ಮಾಡಿದರು. ಅತ್ತಿಗೆಯ ಮುಖ ನೋಡಿದೆ. ಆ ನಂಬಿಕೆಯನ್ನು ಅಲ್ಲಿ, ಅಣ್ಣನೆದುರಿಗೆ, ಆ ಹೊತ್ತಿನಲ್ಲಿ ಕೆಡಿಸುವುದು ನನ್ನಿಂದಾಗಲಿಲ್ಲ. "ನೀವು ಹೊರಡಿ ಮೇಡಂ, ಐಸ್ ಕರಗುತ್ತೆ. ನಾನು ಬಿಡಿಸಿ ಹೇಳ್ತೀನಿ. ನಂಗಿದೆಲ್ಲ ಗೊತ್ತು," ಅಂದೆ. ಅವರು ನನ್ನ ಮಾತು ನಂಬಿ ಹೊರಟರು.

ನಾನು ಹೇಳಲಿಲ್ಲ.

ಪ್ರತಿ ಶನಿವಾರ ಎಲೆಕ್ಟ್ರಾನಿಕ್ ಸಿಟಿಯಿಂದ ಹಳದಿ ಮೆಟ್ರೊ ಹತ್ತಿ, ನಡುವೆ ಹಸಿರಿಗೆ ಬದಲಾಯಿಸಿ, ನಾಗಸಂದ್ರ ಸೇರುವವರೆಗೆ ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತಿದ್ದೆ. 'ಅತ್ತಿಗೆ, ಅದನ್ನ ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡ್ತಾರೆ, ಆಮೇಲೆ ಬಿಸಾಕ್ತಾರೆ.' ಬಿಸಾಕ್ತಾರೆ ಬೇಡ. 'ಅದು ಮುಂದೆ ಬರೋ ರೋಗಿಗಳಿಗೆ ಉಪಯೋಗ ಆಗ್ಬೋದು.' ಮತ್ತೆ ಬೋದು! ಊರಿನ ಕಾಯಿಲೆಗಳಿಗೆಲ್ಲ ಸರಳ ಕನ್ನಡ ಹುಡುಕುವವಳಿಗೆ ನನ್ನ ಅತ್ತಿಗೆಗೆ ಹೇಳಲು ಒಂದು ವಾಕ್ಯ ಸಿಗಲಿಲ್ಲ. ಬಾಗಿಲು ತೆರೆಯುತ್ತಲೇ ಅವಳು, "ಬಾ ಬಾ, ನಿನ್ನೆ ಇವರ ಬಲಗಾಲ್ ಎಬ್ಬೆಟ್ಟು ಅಲ್ಲಾಡ್ತು ಕಣೇ! ಅಲ್ಲಿ ಬೆಳೀತಾ ಐತಲ್ಲ, ಇವರಿಗೆ ಗೊತ್ತಾಗ್ತೈತೆ," ಎನ್ನುತ್ತಿದ್ದಳು. ಹೆಬ್ಬೆರಳು ನಿಜವಾಗಿಯೂ ಅಲ್ಲಾಡುತ್ತಿತ್ತು. ನಾನು ಊಟ ಮಾಡಿ, ಪಾತ್ರೆ ತೊಳೆದು, ವಾಪಸು ಬರುತ್ತಿದ್ದೆ. ಇವಳ ನಂಬಿಕೆ ಮುರಿಯುವುದಕ್ಕೆ ಮುಂಚೆ ಅವನಿಗೆ ತಾನಾಗೇ ಮಾತು ಬಂದುಬಿಡಲಿ ದೇವರೇ ಎಂದು ಬೇಡಿಕೊಳ್ಳುವಷ್ಟು ಹೇಡಿಯಾದೆ.

ಆಫೀಸಿನಲ್ಲಿ ಆ ಪತ್ರದ ಫೈಲು ತೆರೆದು ನೋಡಿದೆ. ಒಮ್ಮೆ ಸಮಿತಿ ಒಪ್ಪಿದ ಮೇಲೆ ಅಲ್ಪವಿರಾಮವನ್ನೂ ನಾವು ಮುಟ್ಟುವಂತಿಲ್ಲ. 'ಈ ಎರಡು ವಾಕ್ಯಗಳು ತಪ್ಪು ತಿಳಿವಳಿಕೆಗೆ ಎಡೆ ಮಾಡುತ್ತವೆ, ದಯವಿಟ್ಟು ಬದಲಾಯಿಸಿ' ಎಂದು ಮೇಲಿನವರಿಗೆ ಮೇಲ್ ಬರೆದೆ. ಯಾರಿಂದಲೂ ದೂರು ಬಂದಿಲ್ಲ, ಮುಂದಿನ ತಿದ್ದುಪಡಿಯ ಹೊತ್ತಿಗೆ ಪರಿಶೀಲಿಸೋಣ, ಅಂದಹಾಗೆ ಈ ಪತ್ರ ತುಂಬಾ ಚೆನ್ನಾಗಿದೆ ಎಂದು ಉತ್ತರ ಬಂತು. ಕಂಪ್ಯೂಟರನ್ನು ಎತ್ತಿ ನೆಲಕ್ಕೆ ಕುಕ್ಕಬೇಕು ಅನ್ನಿಸಿತು. ಪಕ್ಕದ ಹುಡುಗಿ ಹೆದರಿಕೊಂಡು ನೀರು ತಂದುಕೊಟ್ಟಳು.

ಮೂರನೇ ತಿಂಗಳ ರಕ್ತದ ದಿನ ಒಂದು ಮಂಗಳವಾರ. ನಾನು ರಜೆ ಹಾಕಿ ಹೋದೆ. ಅತ್ತಿಗೆ ಅಣ್ಣನಿಗೆ ಸ್ನಾನ ಮಾಡಿಸಿ, ಇಸ್ತ್ರಿ ಅಂಗಿ ಹಾಕಿಸಿ, ಹಣೆಗೆ ವಿಭೂತಿ ಇಟ್ಟು ಕುರ್ಚಿಯಲ್ಲಿ ಕೂರಿಸಿದ್ದಳು. ಮೇಡಂ ಡಬ್ಬಿಯ ಜೊತೆ ಈ ಸಲ ಹೊಸ ಕಾಗದಗಳನ್ನೂ ತಂದಿದ್ದರು.

"ಅಮ್ಮ, ಮೊದಲು ಇವರಿಗೆ ಪ್ರಜ್ಞೆ ಇರಲಿಲ್ಲ, ನೀವು ಸೈನ್ ಮಾಡಿದ್ರಿ. ಈಗ ಹೇಳಿದ್ದೆಲ್ಲ ಅರ್ಥ ಆಗುತ್ತೆ ಅಂತ ಡಾಕ್ಟರ್ ಬರೆದುಕೊಟ್ಟಿದ್ದಾರೆ. ಅದಕ್ಕೇ ಇನ್ಮುಂದೆ ಇವರನ್ನೇ ಕೇಳ್ಬೇಕು. ಇವರು ಒಪ್ಪಿದ್ರೆ ಮಾತ್ರ."

"ನಾನ್ ಎಂಡ್ತಿ ಅಲ್ವಾ? ನಾನ್ ಒಪ್ಪಿದ್ರೆ ಸಾಲದಾ?"

"ಇವರ ರಕ್ತ ಅಲ್ವೇನಮ್ಮ," ಅಂದರು ಮೇಡಂ. ಅಣ್ಣನ ಎದುರು ಕುರ್ಚಿ ಎಳೆದುಕೊಂಡು ಓದಲು ಶುರುಮಾಡಿದರು. ಅಣ್ಣ ಅವರನ್ನು ಬಿಟ್ಟು ನನ್ನ ಕಡೆಗೇ ನೋಡುತ್ತಿದ್ದ. ಎರಡು ಸಾಲು ಓದಿದವರು ನಿಲ್ಲಿಸಿ, "ನೀವೇ ಓದಿ ಮೇಡಂ, ಅವರಿಗೆ ನಿಮ್ಮ ದನಿ ಅಭ್ಯಾಸ. ನಾನು ಕೂತು ಕೇಳ್ತೀನಿ," ಎಂದು ಕಾಗದ ನನ್ನ ಕೈಗೆ ಕೊಟ್ಟರು.

ಓದಿದೆ. ನನ್ನ ಅಣ್ಣನಿಗೆ ನನ್ನ ಕನ್ನಡ. ರಕ್ಷಣಾ ಕಣಗಳ ನೆರವಿನಿಂದ ನರಗಳು ಮತ್ತೆ ಬೆಳೆಯಬಹುದು ಎಂಬಲ್ಲಿಗೆ ಬಂದಾಗ ಅತ್ತಿಗೆ ಬಾಗಿಲಿಗೆ ಒರಗಿ ತಲೆದೂಗಿದಳು. ಮುಂದಿನ ಸಾಲಿಗೆ ಬಂದೆ. ಪ್ರಯೋಗಾಲಯದಲ್ಲಿ ಬೆಳೆಸಲಾಗುತ್ತದೆ. ಅಲ್ಲಿ ನಿಲ್ಲಿಸಿ, ಕಾಗದದಿಂದ ಕಣ್ಣು ಎತ್ತದೆ, ಅಲ್ಲೇ ಬರೆದಿದೆಯೇನೋ ಎಂಬಂತೆ ಒಂದೇ ದನಿಯಲ್ಲಿ ಓದಿಬಿಟ್ಟೆ: "ಬೆಳೆಸುವುದು ನೋಡುವುದಕ್ಕೆ ಮಾತ್ರ. ಅದನ್ನು ನಿಮಗೆ ಮತ್ತೆ ಹಾಕುವುದಿಲ್ಲ. ಇದರಿಂದ ನಿಮಗೆ ಮಾತು ಬರುವುದಿಲ್ಲ."

ಅತ್ತಿಗೆಗೆ ಕೇಳಿಸಿತು. ಅವಳು ಒರಗಿದ್ದ ಬಾಗಿಲು ಕಿರ್ರೆಂದಿತು. ಅವಳ ಕಡೆ ನೋಡುವ ಧೈರ್ಯ ನನಗಿರಲಿಲ್ಲ. ಮುಂದಿನದನ್ನು ಓದಿ ಮುಗಿಸಿ, "ಒಪ್ತೀಯಾ ಅಣ್ಣ?" ಎಂದು ಕೇಳಿದೆ.

ಅಣ್ಣ ಬಾಯಿ ತೆರೆದ. ತುಟಿ ಕೂಡಿಸಿದ. ಕತ್ತಿನ ನರ ಉಬ್ಬಿತು. ನಾನು ಎದ್ದು ಅಡುಗೆಮನೆಗೆ ಹೋಗುವಂತಿರಲಿಲ್ಲ.

"ಬೇ… ಡ."

ಅವನೇ ತನ್ನ ದನಿಗೆ ಬೆಚ್ಚಿಬಿದ್ದವನಂತೆ ಒಂದು ಕ್ಷಣ ಕೂತ. ಮತ್ತೆ ಅಂದ, ಈ ಸಲ ಸಲೀಸಾಗಿ, ಹಳೆಯ ದನಿಯಲ್ಲೇ. "ಬೇಡ."

ಅತ್ತಿಗೆ ಕಿರುಚಿಕೊಂಡಳು. "ಮಾತಾಡಿದ್ರು! ಅಯ್ಯೋ ನಮ್ಮಪ್ಪಾ, ಮಾತಾಡಿದ್ರಲ್ಲೇ!" ಓಡಿಬಂದು ಅವನ ಮುಖವನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ನಾನು ಓದಿ ಹೇಳಿದ್ದೆಲ್ಲ ಎಲ್ಲಿ ಹೋಯಿತೋ. ನಾನೂ ಅತ್ತೆ, ಬಿಕ್ಕಿ ಬಿಕ್ಕಿ ಅತ್ತೆ. ಮೇಡಂ ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ, ಕೆಲಸ ಕೆಲಸವೇ ತಾನೆ, ಅವನ ಹತ್ತಿರ ಬಗ್ಗಿ ಕೇಳಿದರು. "ಸಾರ್, ರಕ್ತ ಕೊಡೋದು ಬೇಡ್ವಾ?"

"ಬೇಡ."

"ಇನ್ನೊಂದ್ಸಲ ಯೋಚನೆ ಮಾಡ್ತೀರಾ?"

"ಬೇಡ."

ಬೇಡ ಎಂದವರನ್ನು ಒತ್ತಾಯಿಸುವಂತಿಲ್ಲ. ಅದನ್ನೂ ಅದೇ ಪತ್ರದಲ್ಲಿ ನಾನೇ ಬರೆದಿದ್ದೇನೆ, 'ಯಾವುದೇ ಕಾರಣ ಕೊಡದೆ ನೀವು ಹಿಂದೆ ಸರಿಯಬಹುದು' ಎಂದು. ಮೇಡಂ ನಳಿಕೆಗಳನ್ನು ಬಳಸದೆಯೇ ಡಬ್ಬಿ ಮುಚ್ಚಿದರು. ಆಗ ಅತ್ತಿಗೆಗೆ ಎಚ್ಚರವಾಯಿತು. ಡಬ್ಬಿಯ ಹಿಡಿಯನ್ನು ಹಿಡಿದುಕೊಂಡಳು. "ತಗೊಂಡೋಗಿ ಮೇಡಂ! ಎರಡೇ ಸಲ ತಗೊಂಡಿದ್ದಕ್ಕೆ ಮಾತು ಬಂದೈತೆ, ಮೂರನೇ ಸಲ ತಗೊಂಡ್ರೆ…" ಮೇಡಂ ಏನೂ ಮಾಡುವಂತಿರಲಿಲ್ಲ. ನಿಧಾನವಾಗಿ ಅವಳ ಬೆರಳು ಬಿಡಿಸಿ, ನಮಸ್ಕಾರ ಮಾಡಿ, ಹೊರಟುಹೋದರು. ಅತ್ತಿಗೆ ನನ್ನ ಕಡೆ ತಿರುಗಿದಳು.

"ಅಂಗ್ ಯಾಕ್ ಓದ್ದೆ? ಇಲ್ದಿರೋದ್ನ ಸೇರಿಸ್ಕೊಂಡು ಓದಿ ಅವರ ಮನಸ್ ಕೆಡಿಸ್ದೆ. ಅಂಗಂತ ಬರ್ದಿಲ್ಲ ಅಲ್ಲಿ. ನನ್ನತ್ರಾನೂ ಐತೆ ಆ ಕಾಗ್ದ, ದಿನಾ ಓದ್ತೀನಿ, ನಂಗ್ ಬಾಯ್ಪಾಠ ಆಗೈತೆ."

"ಅದನ್ನ ಬರೆದಿದ್ದೇ ನಾನು ಅತ್ತಿಗೆ," ಅಂದೆ. ಕೊನೆಗೂ ಬಾಯಿಂದ ಬಂತು. ಎಲ್ಲ ಹೇಳಿದೆ. ಬಹುದು, ಬೆಳೆಸುವುದು, ಗಾಜಿನ ತಟ್ಟೆ, ಆವತ್ತು ಮೇಡಂ ಹೇಳಹೊರಟಾಗ ನಾನು ತಡೆದದ್ದು. ಅವಳು ಪೂರ್ತಿ ಕೇಳಿಸಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ಸಕ್ಕರೆ ತಂದು, ಮಾತು ಬಂದ ಖುಷಿಗೆ ಅಣ್ಣನ ಬಾಯಿಗೆ ಹಾಕಿದಳು. ಅಣ್ಣ ಬಾಯಿ ಅಗಲವಾಗಿ ತೆರೆದು ತಿಂದು, ತುಟಿ ನೆಕ್ಕಿಕೊಂಡು, "ಬೇಡ" ಅಂದ.

ಸಂಜೆಯೊಳಗೆ ನಮಗೆ ತಿಳಿಯಿತು. ನೀರು ಬೇಕಾ ಎಂದರೆ ಬೇಡ ಎಂದು ಲೋಟಕ್ಕೆ ಕೈ ಚಾಚುತ್ತಿದ್ದ. ಫ್ಯಾನು ಹಾಕಿ ಎನ್ನಲು ಮೇಲೆ ನೋಡಿ ಬೇಡ. ಅವನ ಕಾರ್ಖಾನೆಯ ಗೆಳೆಯ ಫೋನು ಮಾಡಿದರೆ ಕಣ್ಣಲ್ಲಿ ನೀರು ತುಂಬಿಕೊಂಡು ಬೇಡ, ಬೇಡ, ಬೇಡ. ಮರುವಾರ ಮಾತಿನ ಚಿಕಿತ್ಸೆ ಕೊಡುವವರ ಹತ್ತಿರ ಕರೆದುಕೊಂಡು ಹೋದೆವು. ಮಿದುಳಿಗೆ ಪೆಟ್ಟಾದ ಕೆಲವರಿಗೆ ಹೀಗೆ ಒಂದೇ ಪದ ಕಚ್ಚಿಕೊಳ್ಳುತ್ತದೆ, ಮನಸ್ಸಿನಲ್ಲಿ ಏನೇ ಇದ್ದರೂ ಬಾಯಿಗೆ ಅದೇ ಬರುತ್ತದೆ, ಹೌದಿಗೂ ಅದೇ ಇಲ್ಲಕ್ಕೂ ಅದೇ ಎಂದು ಅವರು ಹೇಳಿದರು. ಇದರ ಹಿಂದೆ ಬೇರೆ ಪದಗಳು ಬರುತ್ತವೆಯೇ ಎಂದು ಕೇಳಿದೆ. ಬಂದರೂ ಬರಬಹುದು ಎಂದರು. ನರ ಬೆಳೆದದ್ದರಿಂದ ಬಂತೇ, ಊತ ಇಳಿದದ್ದರಿಂದ ಬಂತೇ ಎಂದು ಕೇಳಿದೆ. ಅದು ಯಾರಿಗೆ ಗೊತ್ತಾಗುತ್ತದೆ ಎಂದರು.

ಹೊರಗೆ ಬಂದು ಸಂಶೋಧನೆಯ ಮೇಡಂಗೆ ಫೋನು ಮಾಡಿದೆ. ಅವತ್ತಿನ ಬೇಡ, ಬೇಡವೇ ಆಗಿರಬೇಕಿಲ್ಲ ಎಂದು ವಿವರಿಸಿದೆ. ಅವರು ಪಾಪ ತಾಳ್ಮೆಯಿಂದ ಕೇಳಿದರು. ಮೂರನೇ ತಿಂಗಳ ರಕ್ತಕ್ಕೆ ಇದ್ದ ದಿನಗಳು ಮುಗಿದುಹೋಗಿವೆ, ಸ್ವಂತ ಇಚ್ಛೆಯಿಂದ ಹಿಂದೆ ಸರಿದರು ಎಂದು ದಾಖಲೆಯಾಗಿದೆ, ಇನ್ನು ತೆರೆಯಲು ಬರುವುದಿಲ್ಲ ಅಂದರು. ಆಮೇಲೆ ದನಿ ತಗ್ಗಿಸಿ, "ಮತ್ತೆ ಅವತ್ತು ಅವರು ನಿಜವಾಗ್ಲೂ ಏನಂದ್ರು ಮೇಡಂ? ನಿಮಗೇನನ್ನಿಸುತ್ತೆ?" ಎಂದು ಕೇಳಿದರು. ಅವನು ನಲವತ್ತು ವರ್ಷದಿಂದ ನನ್ನಣ್ಣ. ಗೊತ್ತಿಲ್ಲ ಅಂದೆ.

ಕಳೆದ ಶನಿವಾರ ಮಧ್ಯಾಹ್ನ ಹೋದಾಗ ಅತ್ತಿಗೆ ಅವನಿಗೆ ಮಜ್ಜಿಗೆ ಕುಡಿಸುತ್ತಿದ್ದಳು. ನನ್ನ ಜೊತೆ ಈಗಲೂ ಮಾತಾಡುತ್ತಾಳೆ, ಊಟ ಹಾಕುತ್ತಾಳೆ, ಮುಖ ಮಾತ್ರ ನೋಡುವುದಿಲ್ಲ. ಅಣ್ಣ ಖಾಲಿ ಲೋಟವನ್ನು ಎಡಗೈಯಲ್ಲಿ ಮುಂದೆ ಹಿಡಿದು "ಬೇಡ" ಅಂದ. ಅವಳು ಹಾಕಿದಳು. ಗಟಗಟ ಕುಡಿದು ಮತ್ತೆ ಲೋಟ ಚಾಚಿದ. "ಬೇಡ." ಮತ್ತೆ ಹಾಕಿದಳು. ನನ್ನ ಹಾಗೆ ತಡವರಿಸುವುದೇ ಇಲ್ಲ, ಆ ಒಂದು ಪದದಲ್ಲಿ ಅವನಿಗೆ ಏನು ಬೇಕೋ ಅಷ್ಟೂ ಅವಳಿಗೆ ತಿಳಿಯುತ್ತದೆ.

ಜಗ್ಗು ಕೆಳಗಿಟ್ಟು, ಸೆರಗಿನಿಂದ ಅವನ ಗಲ್ಲ ಒರೆಸುತ್ತಾ, ನನ್ನ ಕಡೆ ತಿರುಗದೆ ಅಂದಳು: "ಅವತ್ತೂ ಇಂಗೇ ಅಂದಿದ್ದು ಕಣೇ. ತಗೊಳ್ಳಿ ಅಂತ ಕೈ ಕೊಟ್ಟಿದ್ರು. ಎಡಗೈ ಅಂಗೈ ಮೇಲ್ಕೆ ಮಾಡಿ ಚಾಚಿದ್ರು. ನೀನು ಕಾಗ್ದ ನೋಡ್ತಿದ್ದೆ, ನಾನು ನೋಡ್ದೆ."

"ಅಣ್ಣಾ, ಹೌದೇನೋ?" ಎಂದು ಕೇಳಿದೆ.

ಅಣ್ಣ ನನ್ನನ್ನೇ ನೋಡಿದ. ಹೇಳಬೇಕಾದ್ದು ಎಷ್ಟೋ ಇದ್ದವನ ಹಾಗೆ ಉಸಿರು ತೆಗೆದುಕೊಂಡು, "ಬೇಡ," ಅಂದ.